ಚನ್ನವೀರಮ್ಮನ ಸಹಿ

ತನ್ನ ಸಹಿ ತನಗೇ ಮರೆತುಹೋಗಿದೆ ಎಂಬುದನ್ನು ಅಕ್ಷತಾ ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಬಿ.ಎ. ಪದವಿಪತ್ರ ತರಲು ಹೋದಾಗ ಗುಮಾಸ್ತ ರಿಜಿಸ್ಟರ್ ಮುಂದಿಟ್ಟಿದ್ದ. ಅವಳ ಕೈ ತನ್ನಷ್ಟಕ್ಕೆ ತಾನೇ 'ಚನ್ನವೀರಮ್ಮ' ಎಂದು ಬರೆದು, ಕೊನೆಗೆ ಉದ್ದ ಬಾಲವನ್ನೂ ಎಳೆದಿತ್ತು.

"ಯಾರವ್ವ ಚನ್ನವೀರಮ್ಮ?"

"ನಮ್ಮವ್ವರಿ," ಅಂದುಬಿಟ್ಟಿದ್ದಳು. ಆ ಸುಳ್ಳಿಗೆ ಕೆಂಪಾದ ಕಿವಿ ಬಸ್‌ಸ್ಟ್ಯಾಂಡು ಬಂದರೂ ತಣ್ಣಗಾಗಿರಲಿಲ್ಲ.

ಚನ್ನವೀರಮ್ಮ ಅವಳ ಅವ್ವನಲ್ಲ, ಮೇಸ್ತ್ರಿ ದೊಡ್ಡಬಸಪ್ಪನ ಹೆಂಡತಿ. ಬಳ್ಳಾರಿ ಕಂಟೋನ್ಮೆಂಟಿನ ಕಚೇರಿಯೊಂದರಲ್ಲಿ ಕಸ ಗುಡಿಸುವ ಗುತ್ತಿಗೆಯವರ ಪಟ್ಟಿಗೆ ಅವನು ಹೆಂಡತಿಯ ಹೆಸರು ತುರುಕಿ, ಕೆಲಸ ಕೇಳಿಕೊಂಡು ಕುರುಗೋಡಿನಿಂದ ಬಂದ ಅಕ್ಷತಾಳ ಕೈಗೆ ಕಸಬರಿಗೆ ಕೊಟ್ಟಿದ್ದ. ಐದು ವರ್ಷ ಅವಳು ಆ ಹೆಸರಿನಲ್ಲೇ ಗುಡಿಸಿದಳು, ಆ ಹೆಸರಿನಲ್ಲೇ ದಿನಾ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಳು. ಚನ್ನವೀರಮ್ಮ ಮಾತ್ರ ಸಿರುಗುಪ್ಪದ ಮನೆ ಬಿಟ್ಟು ಕದಲಿರಲಿಲ್ಲ.

ಈಗ ಗುತ್ತಿಗೆಯವರನ್ನೆಲ್ಲ ಖಾಯಂ ಮಾಡುವ ಆದೇಶ ಬಂದಿತ್ತು. ಸಾಹೇಬರ ಎದುರು ಹಾಕಿದ ಸಹಿ ಪುಸ್ತಕದ ಸಹಿಗೆ ತಾಳೆಯಾದರೆ ನೌಕರಿ.

"ಲೇ ಹುಡುಗಿ, ಆದಿವಾರ ಸಿರುಗುಪ್ಪಕ್ಕ ಬಾ. ನಮ್ಮಾಕಿಗೆ ಆಕಿ ಸಹಿ ಕಲಸು," ಎಂದ ಮೇಸ್ತ್ರಿ.

"ಆಮ್ಯಾಲ ನಂದೇನರಿ?"

"ನಿಂದೆಲ್ಲಿ ಹೋಗ್ತತಿ? ಆಕಿ ಪರ್ಮನೆಂಟ್ ಆದ್ರ ನೀನೂ ಪರ್ಮನೆಂಟಾಗಿ ಆಕಿ ಕಸ ಹೊಡಿ."

ಅವನು ಅತ್ತ ಹೋದದ್ದೇ ತಡ, ಜೊತೆಗೆ ಗುಡಿಸುತ್ತಿದ್ದ ಶಹಜಾದಿ ಉಗುಳಿದಳು. "ನಾಳೆ ಆಕಿ ಬಸರಾದ್ರ ಹಡಿಯಾಕೂ ನಿನ್ನ ಕಳಸ್ತಾನ, ಭಾಡ್ಯಾ."

ಆದಿವಾರ ಚನ್ನವೀರಮ್ಮ ಕಟ್ಟೆ ಏರಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕೂತಳು. "ನೀ ಅಲ್ಲೇ ಕೆಳಗ ಕುಂದ್ರು. ಮುಟ್ಟದಂಗ ಕಲಸು."

ಕೈ ಹಿಡಿದು ತಿದ್ದಿಸುವಂತಿಲ್ಲ. ಅಕ್ಷತಾ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು, ಅಂಗಳದ ಧೂಳಿನಲ್ಲಿ ಹಾಸಿಗೆಯಷ್ಟು ದೊಡ್ಡದಾಗಿ ಸಹಿ ಬರೆದಳು. ಚನ್ನವೀರಮ್ಮ ಮೇಲಿನಿಂದ ಬಗ್ಗಿ ನೋಡಿ ನೋಡಿ ನಕಲು ಮಾಡಿದಳು.

"ಹಂಗಲ್ರಿ ಅಕ್ಕಾರ. ನಿಮ್ಮ ಸಹಿ ಹಂಗಿಲ್ಲ."

"ನನ್ನ ಹೆಸರು ನನಗ ಬರಂಗಿಲ್ಲೇನಲೇ?"

"ಬರ್ತತಿರಿ. ಆದ್ರ ನೀವು ಬಾಲ ಉದ್ದ ಎಳಿತೀರಿ. ದಿನಾ ಹಂಗ ಎಳಿತಿದ್ರಿ."

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಹಾಳೆ ಹಾಳಾದವು. ಒಂದರಲ್ಲಿ ಬಾಲ ಹಲ್ಲಿಯದು, ಇನ್ನೊಂದರಲ್ಲಿ ಎಮ್ಮೆಯದು. ದೊಡ್ಡಬಸಪ್ಪ ತಾಳ್ಮೆ ತಪ್ಪಿ ಹೆಂಡತಿಗೇ ಗದರಿದ. "ಐದು ವರ್ಷದಿಂದ ಮಾಡಾಕತ್ತಿ, ಇನ್ನೂ ಬರವಲ್ದೇನು ನಿನಗ?"

ಅಷ್ಟರಲ್ಲಿ ಪಕ್ಕದ ಮನೆಯ ಕೋಳಿಯೊಂದು ಬಂದು, ಸಹಿಯ ಬಾಲದ ಗುಂಟ ನಿಧಾನವಾಗಿ ನಡೆದುಹೋಯಿತು. ಅದು ಹೋದ ಮೇಲೆ ಚನ್ನವೀರಮ್ಮ ಹಾಳೆಯಿಂದ ತಲೆ ಎತ್ತಿದಳು. ಬಾಲದ ಕೆಳಗೆ ಮೂಡಿದ್ದ ಮೂರು ಮೂರು ಗೆರೆಗಳನ್ನೂ ಬಲು ಶ್ರದ್ಧೆಯಿಂದ ಬರೆದುಕೊಂಡಳು.

ಅಕ್ಷತಾ ನೋಡಿದಳು. ಈ ಸಲ ತಿದ್ದಲಿಲ್ಲ.

"ಈಗ ಬಂತು ನೋಡು," ಎಂದಳು ಚನ್ನವೀರಮ್ಮ. "ಅಂಗಳ ಹೊಡದು ಹೋಗು."

ಬುಧವಾರ ಸಾಹೇಬರ ಕೋಣೆಗೆ ಚನ್ನವೀರಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಕಸಬರಿಗೆ ಹಿಡಿದು ಬಾಗಿಲ ಬಳಿ ಅಕ್ಷತಾ, ಕಿಟಕಿಯಾಚೆ ಶಹಜಾದಿ. ಚನ್ನವೀರಮ್ಮ ನಾಲಿಗೆ ಕಚ್ಚಿಕೊಂಡು ಸಹಿ ಹಾಕಿದಳು, ಬಾಲ ಎಳೆದಳು, ಕೆಳಗೆ ಒಂದೂ ತಪ್ಪದಂತೆ ಕೋಳಿಯನ್ನು ನಡೆಸಿದಳು.

ಸಾಹೇಬರು ಕನ್ನಡಕ ಏರಿಸಿದರು. "ಈ ಗೆರೆಗಳೇನಮ್ಮ?"

"ಮೊದಲಿಂದ ಹಂಗ ಐತ್ರಿ."

"ಪುಸ್ತಕದಲ್ಲಿಲ್ಲ. ಕೋಳಿ ಓಡಾಡಿದ ಹಾಗಿದೆ."

ಕಿಟಕಿಯಾಚೆ ಶಹಜಾದಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಗಾಬರಿಗ್ರಿ ಸಾಹೇಬ್ರ," ಎಂದ ದೊಡ್ಡಬಸಪ್ಪ. "ಬರೇ ಕಸಬರಿಗಿ ಹಿಡದ ಕೈ, ಪೆನ್ನಿಗೆ ನಡಗತೈತಿ."

ಸಾಹೇಬರು ಆ ಕೈಯನ್ನು ನೋಡಿದರು. ಡಜನ್ ಬಳೆ, ಕೆಂಪು ಮೆಹೆಂದಿ. ಹಾಜರಿ ಪುಸ್ತಕವನ್ನು ಮೇಜಿನ ನಡುವೆ ತಳ್ಳಿದರು. "ಹಾಗಾದರೆ ಐದು ವರ್ಷದಿಂದ ಇದರಲ್ಲಿರುವ ಸಹಿ ಯಾರದು?"

ದೊಡ್ಡಬಸಪ್ಪ ಬಾಗಿಲ ಕಡೆ ತಿರುಗಿ ಕಣ್ಣು ಕೆಕ್ಕರಿಸಿದ. ಅಕ್ಷತಾಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಬಾಯಿ ಬಿಟ್ಟರೆ ಇದ್ದ ಕಸಬರಿಗೆಯೂ ಹೋಗುತ್ತಿತ್ತು. ಅವಳ ಕಿವಿ ಬಿಸಿಯಾದವು. ನಮ್ಮವ್ವಂದು ಎಂಬ ಹಳೆಯ ಸುಳ್ಳು ನಾಲಿಗೆ ತುದಿಗೆ ಬಂದು ಕೂತಿತು. ಅದನ್ನು ನುಂಗಿದಳು. ಕಸಬರಿಗೆಯನ್ನು ದೊಡ್ಡಬಸಪ್ಪನ ಕೈಗೆ ಕೊಟ್ಟಳು, ಅವನು ಗಾಬರಿಯಲ್ಲಿ ಹಿಡಿದೇಬಿಟ್ಟ. ಬೆಳಿಗ್ಗೆ ತಾನೇ ಗುಡಿಸಿದ ನೆಲದ ಮೇಲೆ ನಡೆದು ಮೇಜಿನ ಮುಂದೆ ನಿಂತಳು.

"ಆ ಸಹಿ ನಂದ್ರಿ," ಎಂದಳು.