ಮನೆ ಎತ್ತುವ ಮುನ್ನ ಒಂದು ಫೋನ್

ನೀರು ಇಳಿದುಹೋಗಿತ್ತು. ಒವೀಡ್ ಗಿಡ್ರಿಯ ಮನೆಯ ಗೋಡೆಯಲ್ಲಿ ಮಾತ್ರ ಕೆಸರಿನ ಗೆರೆ ಸೊಂಟದೆತ್ತರಕ್ಕೆ ಹಾಗೇ ಉಳಿದಿತ್ತು. ಅಮೆರಿಕದ ಲೂಸಿಯಾನ ರಾಜ್ಯದ ಕಡಲಂಚಿನ ಆ ಊರಿಗೆ ಚಂಡಮಾರುತ ಹೊಸದಲ್ಲ, ಸಿಗಡಿ ಹಿಡಿದು ಬದುಕುವ ಒವೀಡ್ ಅದಕ್ಕೆ ಜಗ್ಗುವವನೂ ಅಲ್ಲ. ಆದರೆ ಈ ಸಲ ಅವನ ಹೆಂಡತಿ ಝೆಲ್ಮಾ ಸೋತುಹೋಗಿದ್ದಳು.

"ನೋಡು, ಈ ಮನೇನ ಎತ್ತಿ ಕಂಬದ ಮೇಲೆ ಕೂರಿಸು. ಇನ್ನೊಂದು ಸಲ ನನ್ನ ಅಡುಗೆಮನೆಗೆ ನೀರು ನುಗ್ತೋ, ನಾನು ನನ್ನ ತಮ್ಮನ ಊರಿಗೆ ಹೊರಟೆ. ನೀನು ನಿನ್ನ ಸಿಗಡಿ ಜೊತೆ ಸಂಸಾರ ಮಾಡ್ಕೊಂಡಿರು."

ಹೆದರಿಸಲು ಆಡಿದ ಮಾತಲ್ಲ ಅದು. ಒವೀಡನಿಗೂ ಅದು ಗೊತ್ತಿತ್ತು.

ಅದೇ ವಾರ ಲಿಯಾಂಡರ್ ಬಂದ. ಪಕ್ಕದ ಟೆಕ್ಸಸ್‌ನವನು, ಮನೆ ಎತ್ತಿಸುವ ಕಂಪನಿಯೊಂದರ ಎಂಜಿನಿಯರ್. ಆ ಊರಲ್ಲಿ ಹೊಸಬರನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮಮ್ಮ ಯಾರ ಪೈಕಿ?" ಲಿಯಾಂಡರ್ ತನ್ನ ಅಜ್ಜಿ ಇದೇ ಹಳ್ಳದ ದಂಡೆಯ ವೆರೆಟ್ ಮನೆತನದವಳು ಎಂದ. ಮುಗಿಯಿತು! ದೂರದ ನೆಂಟನೆಂದು ಒವೀಡನ ಮುಖ ಅರಳಿತು. ಬಟ್ಟಲ ತುಂಬ ಗಂಬೋ ಎಂಬ ಸಿಗಡಿ ಸಾರು ಬಂತು, ಅನ್ನ ಬಂತು, ಕಾಫಿಯೂ ಬಂತು. ಮನೆ ಎತ್ತುವ ನಕ್ಷೆ ಮಾಡಿ ತರಲು ಒಪ್ಪಿಸಿದ್ದೂ ಆಯಿತು, ಮುಂದಿನ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ.

ಭಾನುವಾರ ಝೆಲ್ಮಾಳ ಅಕ್ಕ ವರ್ನಾ ಬಂದಳು. ಕಟ್ಟಡಗಳಿಗೆ ಅನುಮತಿ ಕೊಡುವ ಸ್ಥಳೀಯ ಕಚೇರಿಯಲ್ಲಿ ಅವಳಿಗೆ ಕೆಲಸ. ನಾಲಿಗೆ ಸ್ವಲ್ಪ ಚುರುಕು.

"ಆ ಎಂಜಿನಿಯರ್ ಲೈಸೆನ್ಸ್ ವಿಚಾರಿಸಿದ್ಯಾ?" ಎಂದು ಒವೀಡನನ್ನು ಕೇಳಿದಳು.

"ಅತ್ತಿಗೆ, ಅವನು ವೆರೆಟ್ ಅಜ್ಜಿ ಮೊಮ್ಮಗ!"

"ಅಜ್ಜಿ ಗಂಬೋ ಮಾಡೋದು ಕಲಿಸಿರಬಹುದು. ಕಂಬ ಎಷ್ಟು ಆಳಕ್ಕೆ ಇಳಿಸಬೇಕು ಅನ್ನೋದನ್ನೂ ಅವಳೇ ಕಲಿಸಿದ್ಲಾ?"

"ಟೆಕ್ಸಸ್‌ದು ಲೈಸೆನ್ಸ್ ಇದೆಯಂತೆ. ನನ್ನ ಗಾಡಿ ಲೈಸೆನ್ಸ್ ಅಲ್ಲೂ ನಡೆಯುತ್ತೆ, ಅವನದ್ದು ಇಲ್ಲಿ ನಡೆಯಲ್ವಾ?"

"ಗಾಡೀದು ನಡೆಯುತ್ತಪ್ಪ, ಎಂಜಿನಿಯರದ್ದು ನಡೆಯಲ್ಲ. ಲೈಸೆನ್ಸ್ ಕೊಡೋಕೆ ಒಂದೊಂದು ರಾಜ್ಯಕ್ಕೂ ಅದರದೇ ಮಂಡಳಿ ಇದೆ. ಇಲ್ಲಿ ಕೆಲಸ ಮಾಡೋನು ಇಲ್ಲಿನ ಲೈಸೆನ್ಸ್ ತಗೋಬೇಕು. ಅವನ ಕಂಪನಿನೂ ಬೇರೆಯಾಗಿ ತಗೋಬೇಕು."

"ಮನುಷ್ಯನಿಗೊಂದು, ಕಂಪನಿಗೊಂದು! ಸರ್ಕಾರದೋರಿಗೆ ಬೇರೆ ಕೆಲಸ ಇಲ್ವಾ?"

"ನಾಳೆ ಮನೆ ವಾಲಿದ್ರೆ ಅವನು 'ಕಂಪನಿ ಹೇಳಿದಂಗೆ ಮಾಡ್ದೆ' ಅಂತಾನೆ. ಕಂಪನಿ 'ಅವನು ಕೆಲಸ ಬಿಟ್ಟು ಹೋದ' ಅನ್ನುತ್ತೆ. ನೀನು ಯಾರ ಕೊರಳಪಟ್ಟಿ ಹಿಡೀತೀಯ? ಇಬ್ಬರೂ ಮಂಡಳಿಗೆ ಉತ್ತರ ಹೇಳೋ ಹಾಗಿದ್ರೆ, ದೂರು ಕೊಡೋಕೆ ನಿಂಗೊಂದು ಬಾಗಿಲು ಇರುತ್ತೆ. ಇನ್ನೊಂದು ಮಾತು, ನಮ್ಮ ರಾಜ್ಯದ ಲೈಸೆನ್ಸ್ ಇರೋನ ಮುದ್ರೆ ಇಲ್ಲದ ನಕ್ಷೆ ತಂದ್ರೆ ನಾನೇ ವಾಪಸ್ ಕಳಿಸ್ತೀನಿ. ತಂಗಿ ಗಂಡ ಅಂತ ಮುಖ ನೋಡಲ್ಲ."

ಅವಳ ಬಾಯಿ ಮುಚ್ಚಿಸಿಯೇ ತೀರಬೇಕೆಂದು ಒವೀಡ್ ಮರುದಿನ ಮಂಡಳಿಗೆ ಫೋನ್ ಮಾಡಿದ. ಆ ಕಡೆಯ ಹೆಂಗಸು ಎರಡೂ ಹೆಸರು ಕೇಳಿಕೊಂಡು ಹುಡುಕಿದಳು. ಲಿಯಾಂಡರನಿಗೆ ಈ ರಾಜ್ಯದ ಲೈಸೆನ್ಸ್ ಇಲ್ಲ. ಕಂಪನಿಗೂ ಇಲ್ಲ. ಫೋನ್ ಇಟ್ಟ ಒವೀಡನಿಗೆ ಅತ್ತಿಗೆಯ ಮೇಲೇ ಸಿಟ್ಟು ಬಂತು. ಸತ್ಯ ಹೇಳಿದವರ ಮೇಲೆ ಬರುತ್ತದಲ್ಲ, ಆ ಸಿಟ್ಟು.

ಸಂಜೆ ಲಿಯಾಂಡರ್ ನಕ್ಷೆ ಸುತ್ತಿಕೊಂಡು ಬಂದ. ನೆಂಟನೆದುರು ಈ ಮಾತು ತೆಗೆಯುವುದು ಹೇಗೆ? ಒಳಗೆ ಝೆಲ್ಮಾ ಗೋಡೆಯ ಗೆರೆಯನ್ನು ಗಸಗಸ ಉಜ್ಜುವ ಸದ್ದು ಕೇಳುತ್ತಿತ್ತು. ಒವೀಡ್ ಕೇಳಿಯೇ ಬಿಟ್ಟ.

"ನಮ್ಮ ರಾಜ್ಯದ ಲೈಸೆನ್ಸ್ ಯಾಕೆ ತಗೊಂಡಿಲ್ಲ?"

"ಅರ್ಜಿ ಹಾಕ್ಬೇಕಣ್ಣ. ಕೆಲಸ ಶುರು ಮಾಡಿ ಆಮೇಲೆ ಹಾಕೋಣ ಅಂತ ಕಂಪನಿಯೋರು..."

"ಇಲ್ಲಿನ ಮಣ್ಣಾದ್ರೂ ಪರೀಕ್ಷೆ ಮಾಡ್ಸಿದ್ಯಾ?"

ಲಿಯಾಂಡರ್ ನಕ್ಷೆಯನ್ನು ಬಿಚ್ಚಲಿಲ್ಲ. "ಇಲ್ಲ. ಕಂಬಕ್ಕೆ ನಮ್ಮ ಕಡೆ ಹಾಕೋ ಅಳತೇನೇ ಹಾಕಿದ್ದೆ," ಎಂದ.

"ನೀನು ನಮ್ಮವನು. ಊಟ ಮಾಡ್ಕೊಂಡೇ ಹೋಗು," ಒವೀಡ್ ಹೇಳಿದ. "ಆದ್ರೆ ಮನೆ ನಿನ್ನ ಕೈಗೆ ಕೊಡಲ್ಲ."

ಹೇಳಿದ ಮೇಲೆ ಅವನಿಗೇ ಹಗುರವಾಯಿತು. ಲಿಯಾಂಡರನೂ ಮುನಿಸಿಕೊಳ್ಳದೆ ಎರಡು ಬಟ್ಟಲು ಉಂಡೇ ಎದ್ದ.

ಬೇರೆ ಎಂಜಿನಿಯರ್ ಯಾರೆಂದು ಕೇಳಿದಾಗ ವರ್ನಾ ಯಾರ ಹೆಸರನ್ನೂ ಸೂಚಿಸಲಿಲ್ಲ. "ಕಚೇರಿಯೋಳು ನಾನು, ಹೇಳೋ ಹಾಗಿಲ್ಲ, ನೀವೇ ವಿಚಾರಿಸಿ," ಎಂದಳು. ಗಂಡ ಹೆಂಡತಿ ಕೂಡಿ ಹುಡುಕಿದರು, ಮಂಡಳಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡೇ ಕೆಲಸ ಒಪ್ಪಿಸಿದರು. ಹೊಸ ಎಂಜಿನಿಯರಮ್ಮ ಮೊದಲು ನೆಲ ಕೊರೆಸಿದಳು. ಮೆತ್ತನೆಯ ಮಣ್ಣು ಬಹಳ ಆಳದವರೆಗೂ ಇತ್ತು, ಲಿಯಾಂಡರನ ಅಳತೆಯ ಕಂಬಗಳು ಗಟ್ಟಿ ನೆಲವನ್ನು ಮುಟ್ಟುತ್ತಲೇ ಇರಲಿಲ್ಲ. ಅವಳು ನಕ್ಷೆಯಲ್ಲಿ ಉದ್ದನೆಯ ಕಂಬ ತೋರಿಸಿದಳು, ಅದಕ್ಕೆ ತನ್ನ ಮುದ್ರೆ ಒತ್ತಿದಳು. ವರ್ನಾಳ ಕಚೇರಿ ಅನುಮತಿ ಕೊಟ್ಟಿತು, ಕಂಬಗಳು ಇಳಿದವು, ಮನೆ ಮೇಲೇರಿತು.

ಮುಂದಿನ ವರ್ಷ ಮತ್ತೆ ಚಂಡಮಾರುತ ಬಂತು. ಊರಿಗೆ ಊರೇ ಖಾಲಿಯಾಗಿ, ಗಾಳಿ ನಿಂತ ಮೇಲೆ ಮರಳಿತು. ನೀರು ಕಂಬಗಳ ನಡುವೆ ಹರಿದುಹೋಗಿತ್ತು, ಮನೆ ಕದಲಿರಲಿಲ್ಲ. ಝೆಲ್ಮಾ ಮೆಟ್ಟಿಲು ಹತ್ತಿ ಒಳಗೆ ಹೋದಳು, ಅಡುಗೆಮನೆಯ ನೆಲ ಮುಟ್ಟಿ ನೋಡಿದಳು. ಒದ್ದೆಯೇ ಆಗಿರಲಿಲ್ಲ. ಗಂಡನತ್ತ ತಿರುಗಿ, "ಏನು ನೋಡ್ತಾ ನಿಂತೆ? ಬಟ್ಟೆ ಪೆಟ್ಟಿಗೆ ಒಳಗೆ ತಾ," ಎಂದಳು.

ಮನೆ ಎತ್ತಿಸುವ ಅಣ್ಣಂದಿರೇ, ಅಕ್ಕಂದಿರೇ, ಎಂಜಿನಿಯರ್ ನಿಮ್ಮ ನೆಂಟನೇ ಇರಲಿ, ಒಳ್ಳೆಯವನೇ ಇರಲಿ, ನಮ್ಮ ಲೂಸಿಯಾನದ ಲೈಸೆನ್ಸ್ ಇದೆಯೇ ಎಂದು ಕೇಳಿ. ಅವನ ಕಂಪನಿಯದ್ದನ್ನೂ ಕೇಳಿ. ಆಮೇಲೆ ಮಂಡಳಿಗೆ ನೀವೇ ಫೋನ್ ಮಾಡಿ. ದಾಕ್ಷಿಣ್ಯ ಬೇಡ. ಆ ಮನೆಯಲ್ಲಿ ಮಲಗುವವರು ನಿಮ್ಮ ಹೆಂಡಿರು ಮಕ್ಕಳು.