ಬೆಟ್ಟದ ವಿಷ ಅಡುಗೆಮನೆಗೆ ಹೇಗೆ ಬಂತು?

ಅಸ್ನಿಮಾರ್ ಮನಿಂಜೌ ಸರೋವರದಲ್ಲಿ ಸೊಂಟದವರೆಗೆ ನೀರಿಗಿಳಿದು ಬುಟ್ಟಿ ತುಂಬ ಪೆನ್ಸಿ ಬಾಚಿ ತಂದಳು. ದಡದಲ್ಲಿ ಸುರಿದು ನೋಡಿದರೆ, ಉಗುರಿನಷ್ಟು ಗಾತ್ರದ ಆ ಚಿಪ್ಪಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಮೆತ್ತಿಕೊಂಡ ಕೆಸರು ಕಾಡಿಗೆಗಪ್ಪು, ಕೊಳೆತ ಮೊಟ್ಟೆಯ ನಾತ. ಅವಳ ಅಜ್ಜಿ, ಅಮ್ಮ ಪೆನ್ಸಿ ಬೇಯಿಸಿ ರಸ್ತೆ ಬದಿಯಲ್ಲಿ ಮಾರಿಯೇ ಮಕ್ಕಳನ್ನು ಸಾಕಿದವರು.

"ಮಾವ, ಚಿಪ್ಪಿ ಎಲ್ಲ ಸತ್ತು ಹೋಗ್ತಿದಾವೆ ನೋಡಿ," ಎಂದಳು.

ಸೋದರಮಾವ ದಾರ್ಮವೆಲ್ ನೀರಲ್ಲಿ ತೇಲುವ ಬಲೆಯ ತನ್ನ ಹನ್ನೆರಡು ಮೀನುಗೂಡುಗಳಿಗೆ ಮೇವು ಎರಚುತ್ತಿದ್ದ. ತಿರುಗಿಯೂ ನೋಡಲಿಲ್ಲ. "ತುಬೊ ಬಲೇರಾಂಗ್ ಕಣೇ, ಬೆಟ್ಟದ ಗಂಧಕದ ವಿಷ. ಬೆಟ್ಟ ಉಗಿದ್ರೆ ನಾನೇನು ಅದರ ಬಾಯಿ ಹೊಲೀಲಾ?"

ಆ ಊರಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಹಿಂದೊಮ್ಮೆ ಬೆಂಕಿಬೆಟ್ಟ ಸಿಡಿದ ಗುಂಡಿಯಲ್ಲೇ ಸರೋವರ ನಿಂತಿರುವುದು. ನೀರು ನಾತ ಹೊಡೆದರೆ ತಪ್ಪು ಬೆಟ್ಟದ್ದು. ಎಷ್ಟು ಅನುಕೂಲದ ಮಾತು! ಬೆಟ್ಟ ತಿರುಗಿ ಮಾತಾಡುವುದಿಲ್ಲವಲ್ಲ.

ಪಕ್ಕದ ಮನೆಯ ಯೆಲ್ಮಿ ಮೀನು ಸಾಕುವವರಿಗೆ ಸಲಹೆ ಕೊಡುವ ಕೆಲಸದಲ್ಲಿದ್ದಳು. ದಡದಲ್ಲೇ ನಿಂತು ಕೇಳುತ್ತಿದ್ದ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಬೆಟ್ಟದ್ದಲ್ಲ ಮಾವ, ನಿಮ್ಮ ಕೈಯದ್ದು. ಮೀನು ತಿನ್ನದೆ ಬಿಟ್ಟ ಮೇವು, ಮೀನಿನ ಹೇಲು, ಎಲ್ಲ ತಳಕ್ಕೆ ಹೋಗಿ ಕೂರುತ್ತೆ. ಅದು ಕೊಳೀತಾ ಕೊಳೀತಾ ಅಲ್ಲಿರೋ ಪ್ರಾಣವಾಯು ಮುಗಿದುಹೋಗುತ್ತೆ. ಆಮೇಲೆ ಅಲ್ಲಿ ಕಣ್ಣಿಗೆ ಕಾಣದ ಒಂದು ಜಾತಿ ಜೀವಿಗಳದ್ದೇ ರಾಜ್ಯ. ಅವು ನೀರಲ್ಲಿ ಕರಗಿರೋ ಗಂಧಕದ ಉಪ್ಪಲ್ಲೇ ಉಸಿರಾಡಿ, ಈ ನಾತದ ವಿಷಗಾಳಿ ಬಿಡ್ತವೆ."

"ಹಿಂದೆ ಇರ್ಲಿಲ್ವಾ ಅವು?" ಅಸ್ನಿಮಾರ್ ಕೇಳಿದಳು.

"ಇದ್ವು ಅಕ್ಕ. ಆದ್ರೆ ಮೇಲುಗಡೆ ಇನ್ನೊಂದು ಜಾತಿ ಇದೆ, ಆ ವಿಷಾನೇ ತಿಂದು ಬದುಕೋದು. ಕೆಳಗಿನೋರು ಬಿಟ್ಟಿದ್ದನ್ನ ಮೇಲಿನೋರು ಮುಗಿಸ್ತಿದ್ರು. ಈಗ ಕೆಳಗಿನೋರಿಗೆ ದಿನಾ ಮದುವೆ ಊಟ, ಮೇಲಿನೋರು ಎಷ್ಟೂಂತ ತಿಂದಾರು? ದೊಡ್ಡ ಗಾಳಿ ಬೀಸಿದ್ರೆ ತಳದ ನೀರು ಮೇಲಕ್ಕೆ ಬರುತ್ತೆ. ಬಂದ ದಿನ ಒಂದು ಮೀನೂ ಉಳಿಯಲ್ಲ. ಮೇವು ಕಡಿಮೆ ಮಾಡಿ ಮಾವ, ಅರ್ಧ ಮೀನು ಈಗಲೇ ಹಿಡಿದು ಮಾರಿ."

ದಾರ್ಮವೆಲ್ ನಕ್ಕುಬಿಟ್ಟ. "ಕಣ್ಣಿಗೆ ಕಾಣದ್ದು ನನ್ನ ಮೀನು ಕೊಲ್ಲುತ್ತಾ? ಮೊದಲು ನನಗೆ ಕಾಣಿಸಮ್ಮ ತಾಯಿ, ಆಮೇಲೆ ನೋಡೋಣ."

"ಕಾಣಿಸ್ತೀನಿ," ಎಂದು ಯೆಲ್ಮಿ ಎರಡು ಗಾಜಿನ ಬಾಟಲಿ ತಂದಳು. ಎರಡಕ್ಕೂ ಗೂಡುಗಳಿಂದ ದೂರದ ಒಳ್ಳೆಯ ಕೆಸರು, ಸರೋವರದ ನೀರು. ಒಂದಕ್ಕೆ ಮಾತ್ರ ಒಂದು ಹಿಡಿ ಮೇವು. ಮುಚ್ಚಳ ಹಾಕಿ ಅಸ್ನಿಮಾರಳ ಅಡುಗೆಮನೆಯ ಹಲಗೆಯ ಮೇಲಿಟ್ಟಳು.

ದಾರ್ಮವೆಲ್ ಆ ವಾರದಿಂದ ಮೇವನ್ನು ಎರಡರಷ್ಟು ಮಾಡಿದ. ಗಾಳಿ ಏಳುವುದರೊಳಗೆ ಮೀನು ತೂಕ ಬರಲಿ ಎಂದು. ಹತ್ತು ದಿನಕ್ಕೆ ಮೇವು ಹಾಕಿದ ಬಾಟಲಿ ಕಪ್ಪಾಗತೊಡಗಿದ್ದನ್ನು ಅಸ್ನಿಮಾರ್ ಕಂಡಳು. ತಡೆಯಬಹುದಿತ್ತು. ಅವರ ಜನರಲ್ಲಿ ಮನೆ, ಗದ್ದೆ, ದಡ ಎಲ್ಲ ಹೆಣ್ಣುಮಕ್ಕಳದ್ದು. ಗೂಡುಗಳ ಹಗ್ಗ ಕಟ್ಟಿದ್ದೇ ಅವಳ ದಡದ ಮರಕ್ಕೆ. ಆದರೆ ನಡೆಯುವ ಮಾತು ಸೋದರಮಾವನದ್ದು. ಹಿರಿಯರ ಎದುರು ಹೇಗೆ ಬಾಯಿ ಬಿಡುವುದು ಎಂದು ಸುಮ್ಮನಿದ್ದಳು.

ಮೂರು ವಾರಕ್ಕೆ ಗಾಳಿ ಬಂತು. ಎರಡು ದಿನ ಬಿಡದೆ ಬೀಸಿತು. ಮೂರನೆಯ ಬೆಳಿಗ್ಗೆ ಹನ್ನೆರಡು ಗೂಡಿನ ಜಿಲೇಬಿ ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದಡದಲ್ಲಿ ಉಳಿದಿದ್ದ ಪೆನ್ಸಿಗಳೂ ಬಾಯಿ ತೆರೆದು ಬಿದ್ದಿದ್ದವು.

ದಾರ್ಮವೆಲ್ ಅಡುಗೆಮನೆಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತ. "ಹಾಳು ಬೆಟ್ಟ! ಇರಲಿ, ಮತ್ತೆ ಮರಿ ಬಿಡೋಣ. ಈ ಸಲ ಹದಿನೈದು ಗೂಡು."

ಅಸ್ನಿಮಾರ್ ಹಲಗೆಯತ್ತ ನಡೆದಳು. ಬಾಟಲಿ ಎರಡನ್ನೂ ತಂದು ಅವನ ಮುಂದೆ ಕುಕ್ಕಿದಳು. ಮೇವಿಲ್ಲದ್ದರಲ್ಲಿ ಕೆಸರು ಹಾಕಿದಾಗಿನ ಕಂದು ಬಣ್ಣದಲ್ಲೇ ಇತ್ತು. ಇನ್ನೊಂದು ಕಾಡಿಗೆಗಪ್ಪು. ಅದರ ಮುಚ್ಚಳ ತೆಗೆದಳು. ದಡದಲ್ಲಿದ್ದ ನಾತವೇ ಬಾಟಲಿಯಿಂದ ಎದ್ದಿತು. ದಾರ್ಮವೆಲ್ ಮೂಗು ಮುಚ್ಚಿಕೊಂಡ.

"ಹೇಳಿ ಮಾವ, ನನ್ನ ಅಡುಗೆಮನೇಲಿ ಯಾವ ಬೆಟ್ಟ ಇದೆ?"

ಅವನು ಕಪ್ಪು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. "ನಾನೇ ತಿನ್ನಿಸಿ ಸಾಕಿದ್ನಲ್ಲೇ ಇವನ್ನ," ಎಂದ.

"ಈ ದಡ ನನ್ನದು ಮಾವ. ಹದಿನೈದಲ್ಲ, ಇನ್ನು ಮೂರೇ ಗೂಡು. ಮಿಕ್ಕಿದ್ದರ ಹಗ್ಗ ಇವತ್ತೇ ಬಿಚ್ಚಿ."

ಅವನು ಎದ್ದು ಹೋಗಿ ಬಿಚ್ಚಿದ. ಸತ್ತ ಮೀನನ್ನು ನೀರಲ್ಲಿ ಮುಳುಗಲು ಬಿಡದೆ ಯೆಲ್ಮಿಯೂ ಸೇರಿ ಎಲ್ಲರೂ ದಡಕ್ಕೆಳೆದು ಗುಂಡಿ ತೋಡಿ ಹೂತರು.

"ಪೆನ್ಸಿ ಮತ್ತೆ ಯಾವಾಗ ಬರ್ತವೆ ಯೆಲ್ಮಿ?" ಅಸ್ನಿಮಾರ್ ಕೇಳಿದಳು.

"ಗೊತ್ತಿಲ್ಲ ಅಕ್ಕ. ಇಷ್ಟು ವರ್ಷದ ಹೊಲಸು ತಳದಲ್ಲಿ ಬಿದ್ದಿದೆ. ನಿಮ್ಮ ಮಗಳ ಕಾಲಕ್ಕೆ ಬಂದರೂ ಬರಬಹುದು."

ಅಸ್ನಿಮಾರ್ ಬುಟ್ಟಿಯನ್ನು ಗೂಟಕ್ಕೆ ನೇತುಹಾಕಿದಳು. ಆಡಿದ ಮಾತು ಸರಿಯಾದದ್ದೇ. ಬಾಟಲಿ ಕಪ್ಪಾಗತೊಡಗಿದ ದಿನವೇ ಆಡಬೇಕಿತ್ತು.

ನೀರಿನ ದಡದಲ್ಲಿ ಬದುಕುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೀನು ತಿಂದು ಮುಗಿಸುವಷ್ಟೇ ಮೇವು ಹಾಕಿ. ಗೂಡು ಕಡಿಮೆ ಮಾಡಿ, ಗಾಳಿಗಾಲಕ್ಕೆ ಮೊದಲೇ ಮೀನು ಹಿಡಿಯಿರಿ. ಸತ್ತದ್ದನ್ನು ನೀರಿಗೆ ಬಿಡಬೇಡಿ. ನಂಬಿಕೆ ಬರದಿದ್ದರೆ ಎರಡು ಬಾಟಲಿ ಇಟ್ಟು ನೋಡಿ. ಮುಚ್ಚಳವನ್ನು ಮಾತ್ರ ಬಯಲಲ್ಲಿ ತೆಗೆಯಿರಿ. ಆದರೆ ಬಾಟಲಿ ಕಪ್ಪಾಗುವುದನ್ನು ನೋಡಿಯೂ ಅಸ್ನಿಮಾರಳ ಹಾಗೆ ಸುಮ್ಮನಿರಬೇಡಿ. ಎದುರಿಗೆ ಮಾವನೇ ಇರಲಿ, ಅವತ್ತೇ ಬಾಯಿ ಬಿಡಿ.