ಅದು ಒಡೆದ ಹಾಲಲ್ಲ, ಕೆನೆ

ಹೆರಿಗೆ ರಜೆ ಮುಗಿದು ಹೊಲಿಗೆ ಕಾರ್ಖಾನೆಗೆ ಮರಳಿದಾಗಿನಿಂದ ನನಗೆ ಕೂತಲ್ಲೇ ತೂಕಡಿಕೆ. ದಿನವಿಡೀ ಅಂಗಿಗಳಿಗೆ ಕಾಲರ್ ಕೂರಿಸುವ ಕೆಲಸ. ನಡುವೆ ಎರಡು ಸಲ ಬಟ್ಟೆ ಗಂಟುಗಳ ಕೋಣೆಯಲ್ಲಿ ಕೂತು, ಮನೆಯಲ್ಲಿರುವ ಐದು ತಿಂಗಳ ಮಗನಿಗಾಗಿ ಪಂಪಿನಿಂದ ಎದೆಹಾಲು ತೆಗೆದಿಡುತ್ತಿದ್ದೆ. ಬಾಗಿಲಿಗೆ ಚಿಲಕವಿಲ್ಲ. ಗೆಳತಿಯೊಬ್ಬಳು ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಅಷ್ಟರಲ್ಲೇ ಸೂಪರ್‌ವೈಸರ್, "ಏನಮ್ಮಾ, ಡೈರಿ ಕೆಲಸ ಮುಗೀತಾ?" ಎಂದು ಕೂಗುತ್ತಿದ್ದ. ಅವನ ಬಾಯಿಗೇ ಎರಡು ಹೊಲಿಗೆ ಹಾಕಬೇಕು ಅನ್ನಿಸುತ್ತಿತ್ತು.

ಒಂದು ಸಂಜೆ ಮನೆಗೆ ಬಂದರೆ ಅತ್ತೆ ಖಾಲಿ ಬಾಟಲಿ ತೊಳೆಯುತ್ತಿದ್ದರು.

"ನಿನ್ನೆ ತಂದಿಟ್ಟಿದ್ದೆಲ್ಲ ಕುಡಿದನಾ ಅತ್ತೆ?"

"ಎಲ್ಲಿ ಕುಡಿಯೋದು? ಫ್ರಿಜ್ಜಲ್ಲೇ ಒಡೆದುಹೋಗಿತ್ತು ಕಣಮ್ಮ. ಮೇಲೆ ಹಳದಿ, ಕೆಳಗೆ ನೀರು. ಚೆಲ್ಲಿಬಿಟ್ಟೆ. ಡಬ್ಬಿ ಹಾಲು ತರಿಸಿ ಕೊಟ್ಟೆ."

ಚೆಲ್ಲಿಬಿಟ್ಟರೇ! ನನಗೆ ಅಳು ಒತ್ತರಿಸಿ ಬಂತು. ಊಟದ ಹೊತ್ತು ಬಿಟ್ಟು, ಬೈಗುಳ ನುಂಗಿ ಕೂಡಿಸಿದ ಹಾಲದು. ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲಲ್ಲೇ ಕುಸಿದೆ.

"ಸಾಕು ಅತ್ತೆ. ನಾಳೆಯಿಂದ ಪಂಪು ಮುಟ್ಟಲ್ಲ. ನನ್ನ ಕೈಲಾಗಲ್ಲ."

"ಬಿಟ್ಟುಬಿಡಮ್ಮ. ಮೈಮುರಿದು ದುಡಿಯೋಳ ಹಾಲು ಕೆಡದೆ ಇರುತ್ತಾ?"

ಪಾಳಿ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದ ಮೇಲಿನ ಮನೆಯ ನರ್ಸ್ ಇದನ್ನು ಕೇಳಿ ನಿಂತರು. ನನ್ನ ಚೀಲದಲ್ಲಿ ಮಂಜುಗಡ್ಡೆಯ ಜೊತೆಗಿದ್ದ ಅಂದಿನ ಬಾಟಲಿ ತೆಗೆದರು. ಅದರ ಮೇಲೂ ಹಳದಿ ಪದರ ಕೂತಿತ್ತು. ಮೆಲ್ಲಗೆ ತಿರುಗಿಸಿದರು. ಎಲ್ಲ ಬೆರೆತು ಒಂದಾಯಿತು.

"ನೋಡಿ ಅಮ್ಮ, ಒಡೆದಿಲ್ಲ. ಕೆನೆ ಮೇಲೆ ಬಂದಿತ್ತು, ಅಷ್ಟೇ. ದುಡಿದ್ರೆ ಹಾಲು ಕೆಡಲ್ಲ."

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅತ್ತೆಯ ಮುಖ ಸಣ್ಣದಾಯಿತು. "ಚೆನ್ನಾಗಿರೋ ಹಾಲು ಸುರಿದೆನಾ? ಇನ್ನು ಕುದಿಸಿ ಕೊಡ್ಲಾ?"

"ಬೇಡ. ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟು ಉಗುರುಬೆಚ್ಚಗೆ ಮಾಡಿ. ಕೈ ತೊಳೆದು, ಶುಚಿಯಾದ ಬಾಟಲಿಗೆ ತೆಗೆದ ಹಾಲು ತಂಪಾದ ಕೋಣೇಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಗಡೆ ನಾಲ್ಕು ದಿನ ಇರುತ್ತೆ. ಮಗು ಕುಡಿದು ಉಳಿಸಿದ್ದನ್ನ ಮಾತ್ರ ಎರಡು ಗಂಟೆ ಮೇಲೆ ಇಡಬೇಡಿ."

ನನ್ನ ಕಡೆ ತಿರುಗಿದರು. "ಹಾಲು ತೆಗೆಯೋದು ನಿಲ್ಲಿಸಿದ್ರೆ ಬರೋದೂ ಕಡಿಮೆಯಾಗುತ್ತೆ. ಮನೇಲಿರೋ ಹೊತ್ತಲ್ಲಿ ಎದೆಗೇ ಹಾಕ್ಕೋ."

"ಹೇಳೋದು ಸುಲಭ ಸಿಸ್ಟರ್. ನಂಗೆ ಸುಸ್ತು."

"ಆಗದೆ ಇರುತ್ತಾ? ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ. ನಿಮ್ಮತ್ತೆ ಹತ್ರ ಇದೆ."

ಅತ್ತೆ ಕೈ ಒರೆಸಿಕೊಂಡು ಒಳಗೆ ಹೋದರು. ಮಗನನ್ನು ತಂದು ನನ್ನ ಮಡಿಲಿಗೆ ಹಾಕಿ ಚೀಲ ಕಿತ್ತುಕೊಂಡರು. "ಪಂಪು ತೊಳೆಯೋದು, ಬಿಸಿನೀರಲ್ಲಿ ಕುದಿಸಿಡೋದು ಇನ್ಮೇಲೆ ನನ್ನ ಪಾಲಿಗಿರಲಿ. ನೀನು ಒರಗಿಕೊಂಡು ಹಾಲು ಕೊಡು. ಊಟ ಅಲ್ಲಿಗೇ ತರ್ತೀನಿ."

ಮಗ ಬಾಯಿ ಹಾಕಿದ. ಸುಸ್ತು ಹೋಗಲಿಲ್ಲ. ಆದರೆ ನಾಳೆಯೂ ಪಂಪು ಒಯ್ಯಬಲ್ಲೆ ಅನ್ನಿಸಿತು.

ಕೆಲಸ ಕೊಡುವವರೇ, ಹಾಲೂಡಿಸುವ ತಾಯಿಗೆ ಬಾಗಿಲು ಹಾಕಿಕೊಳ್ಳುವಂಥ ಒಂದು ಜಾಗ, ಒಂದಿಷ್ಟು ಬಿಡುವು ಕೊಡಿ. ಗಂಡಂದಿರೇ, ಅತ್ತೆಯರೇ, ಆಕೆ ತಂದ ಹಾಲಿನ ಬಗ್ಗೆ ಅನುಮಾನವಿದ್ದರೆ ಚೆಲ್ಲುವ ಮೊದಲು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಹಾಲು ಕೊಡುವುದು ತಾಯಿಯೊಬ್ಬಳೇ ನಿಜ. ಉಳಿದ ಕೆಲಸಕ್ಕೆ ನಿಮಗೂ ಎರಡು ಕೈಗಳಿವೆ.